ನೆಲ್ಲಿಕಾಯಿಗೆ ಸೂಜಿ, ಸ್ಟೀಲಿಗೆ ಗುಂಡಿನೇಟು

ಮಹಡಿಯ ಮೇಲೆ ಸೌರ ಫಲಕ ಹಾಕಿಸಿಕೊಂಡವರಿಗೆ ಒಂದು ಹೊಸ ತಲೆನೋವು ಪರಿಚಯವಾಗುತ್ತಿದೆ. 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಶುರುವಾದ ಮೇಲೆ ಸಾಮಾನ್ಯರ ತಾರಸಿಗೂ ಫಲಕಗಳು ಏರಿವೆ. ಅವುಗಳನ್ನು ಚೌಕಟ್ಟಿಗೆ ಬಿಗಿಯುವ ನಟ್ಟು ಬೋಲ್ಟುಗಳು ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲಿನವು. ಮಳೆಗೆ ಜಗ್ಗುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಆದರೆ ಒಂದು ದಿನ ಬಿಚ್ಚಬೇಕಾಗಿ ಬಂದಾಗ ತಿಳಿಯುತ್ತದೆ.

ಸೋರುತ್ತಿದ್ದ ತಾರಸಿಯ ರಿಪೇರಿಗೆಂದು ನಮ್ಮ ಮನೆಯ ಫಲಕವೊಂದನ್ನು ಇಳಿಸಬೇಕಾಯಿತು. ಮೂರು ಬೋಲ್ಟುಗಳು ಸಲೀಸಾಗಿ ಬಂದವು. ನಾಲ್ಕನೆಯದು ಅರ್ಧ ಸುತ್ತು ತಿರುಗಿ ನಿಂತಿತು. ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ನಿನ್ನೆ ಅಂಗಡಿಯಿಂದ ತಂದಂತೆ ಹೊಳೆಯುತ್ತಿತ್ತು. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದರೂ ಕದಲಲಿಲ್ಲ. ‘ಕಚ್ಚಿಕೊಂಡಿದೆ ಸಾರ್, ಇನ್ನು ಕೊಯ್ಯುವುದೇ’ ಎಂದ ಮೆಕ್ಯಾನಿಕ್.

ತುಕ್ಕೇ ಹಿಡಿಯದ ಲೋಹ ಕಚ್ಚಿಕೊಳ್ಳುವುದೇಕೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಲೋಹ ವಿಜ್ಞಾನದ ಒಂದು ಸ್ವಾರಸ್ಯಕರ ಉಪಾಯದ ಬಳಿಗೆ ಹೋಗಿ ಮುಟ್ಟುತ್ತೇವೆ. ಸ್ಟೀಲಿನ ಮೈಯನ್ನು ಮೊದಲು ಚೆನ್ನಾಗಿ ಬಡಿದು, ಆಮೇಲೆ ಅದರೊಳಕ್ಕೆ ಬೇರೆ ಪರಮಾಣುಗಳನ್ನು ಇಳಿಸುವುದೇ ಆ ಉಪಾಯ.

ಹೊಳೆಯುವ ಮೈ, ಮೆತ್ತನೆಯ ಮೈ

ಸ್ಟೇನ್‌ಲೆಸ್ ಸ್ಟೀಲ್ ಎಂದರೆ ಕನಿಷ್ಠ ಹತ್ತೂವರೆ ಶೇಕಡಾದಷ್ಟು ಕ್ರೋಮಿಯಂ ಬೆರೆತ ಕಬ್ಬಿಣ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ, ಅದೇ ಹೊತ್ತಿಗೆ ಜರ್ಮನಿಯ ಕ್ರುಪ್ ಕಾರ್ಖಾನೆಯ ಲೋಹತಜ್ಞರು ಇದನ್ನು ಬೇರೆ ಬೇರೆಯಾಗಿ ಕಂಡುಕೊಂಡರು. ಇಂದು ಹೆಚ್ಚು ಬಳಕೆಯಲ್ಲಿರುವುದು 304 ಎಂಬ ಜಾತಿ. ಅದರಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕೆಲ್ ಇರುತ್ತವೆ. ಇನ್ನೂ ಸ್ವಲ್ಪ ನಿಕ್ಕೆಲ್ ಹಾಗೂ 2ರಿಂದ 3 ಶೇಕಡಾ ಮಾಲಿಬ್ಡಿನಂ ಸೇರಿದರೆ ಅದು 316.

ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಲೋಹದ ಮೇಲೆ ಒಂದು ಪೊರೆ ಕಟ್ಟುತ್ತದೆ. ದಪ್ಪ ಕೆಲವೇ ನ್ಯಾನೊಮೀಟರ್, ಅಂದರೆ ತಲೆಗೂದಲಿನ ದಪ್ಪದ ಹತ್ತಾರು ಸಾವಿರದ ಒಂದು ಪಾಲು. ಗೀಚಿದರೆ ಹರಿಯುತ್ತದೆ, ಆದರೆ ಗಾಳಿ ತಗುಲಿದೊಡನೆ ಮತ್ತೆ ಕಟ್ಟಿಕೊಳ್ಳುತ್ತದೆ. ಸ್ಟೀಲಿಗೆ ತುಕ್ಕು ಹಿಡಿಯದಿರುವುದು ಈ ಪೊರೆಯ ಕೃಪೆಯಿಂದ.

ಪೊರೆಯ ಕೆಳಗಿರುವ ಲೋಹ ಮಾತ್ರ ಮೆತ್ತಗೆ. ಗಟ್ಟಿತನ ಅಳೆಯಲು ವಜ್ರದ ಪುಟ್ಟ ಮೊನೆಯನ್ನು ಒತ್ತಿ, ಬಿದ್ದ ಕುಳಿಯನ್ನು ಅಳೆಯುವ ವಿಕರ್ಸ್ ಎಂಬ ಮಾಪನವಿದೆ. ಅದರಲ್ಲಿ ಸಾಧಾರಣ 304 ಸ್ಟೀಲಿಗೆ 150ರಿಂದ 200 ಅಂಕ. ಕಮ್ಮಾರನ ಅರಕ್ಕೆ 700ಕ್ಕೂ ಹೆಚ್ಚು. ನಟ್ಟು ಬೋಲ್ಟಿನ ಮರೆಗಳು, ಅಂದರೆ ತಿರುಪಿನ ಸುತ್ತುಗೆರೆಗಳು, ಒತ್ತಡದಲ್ಲಿ ಒಂದನ್ನೊಂದು ಉಜ್ಜಿದಾಗ ಪೊರೆ ಕಿತ್ತುಹೋಗುತ್ತದೆ. ನಡುವೆ ಗಾಳಿ ನುಗ್ಗಲು ಜಾಗವಿಲ್ಲದೆ ಬರಿಮೈ ಲೋಹಕ್ಕೆ ಬರಿಮೈ ಲೋಹ ತಾಗಿ ಬೆಸೆದುಕೊಳ್ಳುತ್ತದೆ. ಬೆಂಕಿಯಿಲ್ಲದ ವೆಲ್ಡಿಂಗ್ ಎನ್ನಿ. ಜೋರು ಮಾಡಿದಷ್ಟೂ ಬೆಸುಗೆ ಬಿಗಿಯಾಗುತ್ತದೆ. ಪೈಪು ಸಿಕ್ಕಿಸಿ ಎಳೆದು ನಾವು ಮಾಡಿದ್ದು ಇದನ್ನೇ.

ಹಾಗಾದರೆ ಸ್ಟೀಲಿನ ಮೇಲ್ಮೈಯನ್ನಷ್ಟೇ ಗಟ್ಟಿ ಮಾಡಲಾಗದೆ?

ಬಳಿಯುವುದು ಬೇರೆ, ಇಳಿಸುವುದು ಬೇರೆ

ಮೇಲ್ಮೈ ಬದಲಿಸಲು ಎರಡು ದಾರಿ. ಒಂದು, ಹೊರಗಿನಿಂದ ಪದರವೊಂದನ್ನು ತಂದು ಕೂರಿಸುವುದು. ಬಣ್ಣ ಬಳಿಯುವುದು, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದು, ಕ್ರೋಮ್ ಲೇಪನ ಮಾಡುವುದು ಎಲ್ಲವೂ ಈ ಬಗೆಯವು. ಪದರಕ್ಕೂ ಒಳಗಿನ ಲೋಹಕ್ಕೂ ನಡುವೆ ಒಂದು ಗೆರೆ ಇದ್ದೇ ಇರುತ್ತದೆ, ಸವೆಯುವುದೂ ಏಳುವುದೂ ಅಲ್ಲಿಂದಲೇ. ಎರಡನೆಯ ದಾರಿಯಲ್ಲಿ ಹೊರಗಿನ ಪರಮಾಣುಗಳು ಲೋಹದೊಳಕ್ಕೇ ಇಳಿಯುತ್ತವೆ. ಸೀರೆಯ ಮೇಲೆ ಅಚ್ಚೊತ್ತಿದ ಬಣ್ಣಕ್ಕೂ ನೂಲಿಗೇ ಅದ್ದಿದ ಬಣ್ಣಕ್ಕೂ ಇರುವ ವ್ಯತ್ಯಾಸ ಇದು. ಮೇಲೆ ದಟ್ಟ, ಒಳಗೆ ಹೋದಂತೆ ತೆಳು. ಸಿಪ್ಪೆಯಂತೆ ಸುಲಿದು ಬರುವ ಭಯ ಬಹಳ ಕಡಿಮೆ. ಹೀಗೆ ಇಳಿಯುವುದಕ್ಕೆ ವಿಸರಣ ಎಂದು ಹೆಸರು. ಆ ಮೂಲಕ ಹುಟ್ಟಿದ ಪದರ ವಿಸರಣ ಲೇಪನ.

ನೈಟ್ರೋಜನ್ ಇಳಿಸಿದರೆ ನೈಟ್ರೈಡಿಂಗ್, ಇಂಗಾಲ ಇಳಿಸಿದರೆ ಕಾರ್ಬುರೈಸಿಂಗ್, ಅಲ್ಯೂಮಿನಿಯಂ ಇಳಿಸಿದರೆ ಅಲ್ಯುಮಿನೈಸಿಂಗ್. ಕಬ್ಬಿಣಕ್ಕೆ ಇಂಗಾಲ ಉಣಿಸುವ ವಿದ್ಯೆ ನಮ್ಮ ಸೀಮೆಗೆ ಹೊಸದೇನಲ್ಲ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ಕಟ್ಟಿಗೆಯ ಚೂರು, ಎಲೆಗಳನ್ನಿಟ್ಟು ಬಾಯಿ ಮುಚ್ಚಿ ಕಾಯಿಸಿ ದಕ್ಷಿಣ ಭಾರತದವರು ತೆಗೆದ ಉಕ್ಕು ಲೋಕಪ್ರಸಿದ್ಧವಾಗಿತ್ತು. ಯೂರೋಪಿನವರು ಅದಕ್ಕೆ ಇಟ್ಟ ‘ವೂಟ್ಜ್’ ಎಂಬ ಹೆಸರು ನಮ್ಮ ‘ಉಕ್ಕು’ ಪದವೇ ನಾಲಿಗೆ ತಿರುಗದೆ ಕೆಟ್ಟದ್ದು ಎಂಬುದು ಬಹುಮಂದಿ ಒಪ್ಪುವ ಮಾತು.

ಅಂದ ಹಾಗೆ ವಿಸರಣದ ನಿಯಮವನ್ನು 1855ರಲ್ಲಿ ಬರೆದ ಅಡಾಲ್ಫ್ ಫಿಕ್ ಲೋಹದ ಮನುಷ್ಯನೇ ಅಲ್ಲ, ದೇಹಶಾಸ್ತ್ರಜ್ಞ. ಅವನು ಅಳೆದದ್ದು ನೀರಿನಲ್ಲಿ ಉಪ್ಪು ಹರಡುವುದನ್ನು. ಆ ನಿಯಮದಿಂದ ಹೊರಡುವ ಒಂದು ಕಹಿ ಲೆಕ್ಕ ಹೀಗಿದೆ: ಎರಡು ಪಟ್ಟು ಆಳಕ್ಕೆ ಇಳಿಯಬೇಕಾದರೆ ನಾಲ್ಕು ಪಟ್ಟು ಹೊತ್ತು ಬೇಕು. ಹತ್ತು ಗಂಟೆಯಲ್ಲಿ 10 ಮೈಕ್ರೋಮೀಟರ್ (ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಇಳಿದದ್ದು 20 ಮೈಕ್ರೋಮೀಟರ್ ಮುಟ್ಟಲು ನಲವತ್ತು ಗಂಟೆ ತೆಗೆದುಕೊಳ್ಳುತ್ತದೆ. ಕುಲುಮೆಯ ಕರೆಂಟ್ ಬಿಲ್ಲು ಕಟ್ಟುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಉರಿ ಏರಿಸಿದರೆ ಪರಮಾಣುಗಳು ಬೇಗ ಓಡುತ್ತವೆ. ಸಾಧಾರಣ ಉಕ್ಕಿನ ನೈಟ್ರೈಡಿಂಗ್ 500 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಅಮೋನಿಯ ಅನಿಲದೊಳಗೆ ನಡೆಯುತ್ತದೆ. ಬಿಸಿ ಉಕ್ಕಿನ ಮೈಗೆ ತಾಗಿದ ಅಮೋನಿಯ ಒಡೆದು ನೈಟ್ರೋಜನ್ ಒಳಗಿಳಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೂ ಹಾಗೆಯೇ ಮಾಡಿದರಾಯಿತಲ್ಲ ಎನಿಸಬಹುದು. ಇಡೀ ವಿಷಯದ ಗಂಟು ಇರುವುದು ಇಲ್ಲಿಯೇ.

ಕ್ರೋಮಿಯಂ ನಿದ್ದೆಯಲ್ಲಿರಬೇಕು

ನೈಟ್ರೋಜನ್ ಸಣ್ಣ ಪರಮಾಣು. ಕಬ್ಬಿಣದ ಪರಮಾಣುಗಳ ನಡುವಿನ ಸಂದಿಯಲ್ಲಿ ನುಸುಳಿಕೊಂಡು ಹೋಗುತ್ತದೆ. ಕ್ರೋಮಿಯಂ ಕಬ್ಬಿಣದಷ್ಟೇ ಗಾತ್ರದ್ದು. ಕಬ್ಬಿಣ ಕೂರುವ ಜಾಗದಲ್ಲೇ ಕೂರುತ್ತದೆ. ಅದು ಅಲುಗಬೇಕಾದರೆ ಪಕ್ಕದ ಸೀಟು ಖಾಲಿಯಾಗಬೇಕು. ತುಂಬಿದ ಬಸ್ಸಿನಲ್ಲಿ ಮಕ್ಕಳು ಕಾಲುಗಳ ನಡುವೆ ನುಸುಳಿ ಹಿಂದಿನಿಂದ ಮುಂದಕ್ಕೆ ಬಂದುಬಿಡುತ್ತವೆ, ದೊಡ್ಡವರು ನಿಂತಲ್ಲೇ ನಿಂತಿರುತ್ತಾರೆ.

400ರಿಂದ 450 ಡಿಗ್ರಿಯವರೆಗೆ ಸ್ಥಿತಿ ಹೀಗೆಯೇ ಇರುತ್ತದೆ. ನೈಟ್ರೋಜನ್ ನಡೆಯುತ್ತದೆ, ಕ್ರೋಮಿಯಂ ನಿದ್ರಿಸುತ್ತದೆ. ಅದಕ್ಕಿಂತ ಉರಿ ಹೆಚ್ಚಾದರೆ ಕ್ರೋಮಿಯಂ ಎಚ್ಚರವಾಗುತ್ತದೆ. ನೈಟ್ರೋಜನ್ ಎಂದರೆ ಅದಕ್ಕೆ ಬಲು ಪ್ರೀತಿ, ಹೋಗಿ ಅಂಟಿಕೊಂಡು ಕ್ರೋಮಿಯಂ ನೈಟ್ರೈಡ್ ಎಂಬ ಪುಟ್ಟ ಕಣಗಳಾಗುತ್ತದೆ. ಆಗ ಸ್ಟೀಲು ಗಟ್ಟಿಯಾಗುವುದೇನೋ ನಿಜ. ಆದರೆ ಸುತ್ತಲಿನ ಕಬ್ಬಿಣದಲ್ಲಿ ಪೊರೆ ಕಟ್ಟಲು ಕ್ರೋಮಿಯಂ ಉಳಿಯುವುದಿಲ್ಲ. ಹೆಸರಿಗಷ್ಟೇ ಸ್ಟೇನ್‌ಲೆಸ್. ಸ್ಟೀಲ್ ಗೇಟಿನ ವೆಲ್ಡಿಂಗ್ ಪಕ್ಕದಲ್ಲಿ ಕಂದು ಗೆರೆ ಮೂಡಿರುವುದನ್ನು ನೀವು ನೋಡಿರಬಹುದು. ಅಲ್ಲಿಯೂ ಅನೇಕ ವೇಳೆ ಇದೇ ಬಗೆಯ ಕಳ್ಳತನ ನಡೆದಿರುತ್ತದೆ. ನೈಟ್ರೋಜನ್ನಿನ ಬದಲು ಕಳ್ಳ ಇಂಗಾಲ, ಅಷ್ಟೇ.

1980ರ ದಶಕದ ನಡುವಿನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲೂ ಜಪಾನಿನಲ್ಲೂ ಸಂಶೋಧಕರು ಕಡಿಮೆ ಉಷ್ಣತೆಯಲ್ಲಿ ನೈಟ್ರೈಡಿಂಗ್ ಮಾಡಿ ನೋಡಿದರು. ಸ್ಟೀಲಿನ ಪರಮಾಣುಗಳ ಜಾಲದೊಳಗೆ ನೈಟ್ರೋಜನ್ ಕಿಕ್ಕಿರಿದು ತುಂಬಿ, ಜಾಲವೇ ಉಬ್ಬಿದ ಹೊಸ ಪದರವೊಂದು ಸಿಕ್ಕಿತು. ಎಸ್ ಫೇಸ್ ಎಂದು ಅದನ್ನು ಕರೆಯುತ್ತಾರೆ. ವಿಕರ್ಸ್ ಅಂಕ 1000 ದಾಟುತ್ತದೆ, ಅರಕ್ಕಿಂತ ಗಟ್ಟಿ. ಕ್ರೋಮಿಯಂ ಕದಲದೇ ಇರುವುದರಿಂದ ತುಕ್ಕು ತಡೆಯುವ ಗುಣವೂ ಉಳಿಯುತ್ತದೆ.

ಎರಡೂ ಸಿಕ್ಕಿದವು ಅನ್ನುವಷ್ಟರಲ್ಲಿ ಫಿಕ್ ಲೆಕ್ಕ ಅಡ್ಡ ಬಂತು. ಉರಿ ಕಡಿಮೆಯಾದ್ದರಿಂದ ನೈಟ್ರೋಜನ್ನೂ ನಿಧಾನ. ಹತ್ತಿಪ್ಪತ್ತು ಗಂಟೆ ಕಾದರೂ ಪದರ ಸಿಗುವುದು ಹತ್ತಿಪ್ಪತ್ತು ಮೈಕ್ರೋಮೀಟರ್, ತಲೆಗೂದಲಿನ ಕಾಲು ಭಾಗ. ಭಾರ ಹೆಚ್ಚಿದರೆ ಅಷ್ಟು ತೆಳ್ಳನೆಯ ಗಟ್ಟಿ ಪದರ ಕೆಳಗಿನ ಮೆತ್ತನೆಯ ಲೋಹದೊಳಕ್ಕೆ ಕುಸಿಯುತ್ತದೆ.

ನೆಲ್ಲಿಕಾಯಿಯ ಪಾಠ

ಬೆಟ್ಟದ ನೆಲ್ಲಿಕಾಯಿಯನ್ನು ಇಡಿಯಾಗಿ ಬೆಲ್ಲದ ಪಾಕಕ್ಕೆ ಹಾಕಿದರೆ ಸಿಹಿ ಒಳಗಿಳಿಯಲು ದಿನಗಟ್ಟಲೆ ಬೇಕು. ಬೇಗ ಆಗಲೆಂದು ಕುದಿಸಿದರೆ ಪಾಕ ಇಳಿಯುತ್ತದೆ ನಿಜ, ಆದರೆ ಕಾಯಿ ಮೆತ್ತಗಾಗಿ ಎಸಳು ಎಸಳಾಗಿ ಬಿಟ್ಟುಕೊಳ್ಳುತ್ತದೆ. ಅನುಭವಸ್ಥ ಗೃಹಿಣಿ ಏನು ಮಾಡುತ್ತಾಳೆ? ಕಾಯಿಯ ಮೈಯೆಲ್ಲ ಸೂಜಿಯಿಂದಲೋ ಮುಳ್ಳುಚಮಚದಿಂದಲೋ ಚುಚ್ಚಿ ಆಮೇಲೆ ಪಾಕಕ್ಕೆ ಬಿಡುತ್ತಾಳೆ. ಉರಿ ಏರಿಸದೆಯೇ ಸಿಹಿ ಇಳಿಯುತ್ತದೆ, ಕಾಯಿಯೂ ಇಡಿಯಾಗಿ ಉಳಿಯುತ್ತದೆ.

ಸ್ಟೀಲಿಗೂ ಇದೇ ಚಿಕಿತ್ಸೆ. ಕುಲುಮೆಗೆ ಇಡುವ ಮೊದಲು ಅದರ ಮೇಲ್ಮೈಗೆ ಸಾವಿರಾರು, ಲಕ್ಷಾಂತರ ಪುಟ್ಟ ಏಟು. ಇಲ್ಲಿ ಸಿಗುವ ಲಾಭವನ್ನು ಹಲವರು ‘ಬೇಗ ಆಗುತ್ತದೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನನ್ನ ಎಣಿಕೆಯಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಮಟ್ಟಿಗೆ ಅದು ಅರ್ಧ ಮಾತು. ಕ್ರೋಮಿಯಂ ನಿದ್ದೆ ಕೆಡಿಸದಷ್ಟು ತಣ್ಣಗಿನ ಉಷ್ಣತೆಯಲ್ಲೇ ಕೆಲಸ ಮುಗಿಯುತ್ತದೆ ಎಂಬುದು ನಿಜವಾದ ಲಾಭ.

ಒಂದು ಎಚ್ಚರಿಕೆ: ಸೂಜಿ ಚುಚ್ಚಿದಾಗ ಕಾಯಿಯಲ್ಲಿ ತೂತು ಬೀಳುತ್ತದೆ, ಏಟು ಬಿದ್ದ ಸ್ಟೀಲಿನಲ್ಲಿ ತೂತು ಇರುವುದಿಲ್ಲ. ಅಲ್ಲಿ ಆಗುವುದೇ ಬೇರೆ.

ಗದ್ದೆ ಸಣ್ಣದಾದರೆ ಬದು ಹೆಚ್ಚು

ಲೋಹ ನೋಡಲು ಏಕರೂಪ, ಒಳಗೆ ಹರಳುಗಳ ಜೋಡಣೆ. ಪ್ರತಿ ಹರಳಿನೊಳಗೂ ಪರಮಾಣುಗಳು ನಾಟಿ ಮಾಡಿದ ಭತ್ತದಂತೆ ಸಾಲಾಗಿ ನಿಂತಿರುತ್ತವೆ. ಪಕ್ಕದ ಹರಳಿನಲ್ಲಿ ಸಾಲಿನ ದಿಕ್ಕು ಬೇರೆ. ಎರಡೂ ಸೇರುವ ಗಡಿಯಲ್ಲಿ ಜೋಡಣೆ ಅಸ್ತವ್ಯಸ್ತ, ಸ್ವಲ್ಪ ಸಡಿಲ. ಗದ್ದೆಗಳ ನಡುವಿನ ಬದುವಿನಂತೆ. ಪೈರಿನೊಳಗೆ ಕಾಲಿಟ್ಟು ದಾಟುವುದು ಕಷ್ಟ, ಬದುವಿನ ಮೇಲೆ ನಡೆದರೆ ಸರಾಗ. ಪರಮಾಣುಗಳಿಗೂ ಹಾಗೆಯೇ, ಹರಳಿನ ಒಡಲಿಗಿಂತ ಗಡಿಯಲ್ಲಿ ಅವು ಎಷ್ಟೋ ಪಟ್ಟು ವೇಗವಾಗಿ ಸಾಗುತ್ತವೆ.

ಸಾಧಾರಣ ಸ್ಟೀಲಿನಲ್ಲಿ ಒಂದೊಂದು ಹರಳೂ ಹತ್ತಾರು ಮೈಕ್ರೋಮೀಟರ್ ಅಗಲ. ಏಟಿನ ಮೇಲೆ ಏಟು, ಅದೂ ಬೇರೆ ಬೇರೆ ದಿಕ್ಕಿನಿಂದ ಬಿದ್ದಾಗ ಹರಳು ತಿರುಚಿಕೊಂಡು ಒಡೆಯುತ್ತದೆ. ಆ ಚೂರೂ ಮತ್ತೆ ಒಡೆಯುತ್ತದೆ. ಕೊನೆಗೆ ಮೇಲಿನ ಪದರದಲ್ಲಿ ಹತ್ತಾರು ನ್ಯಾನೊಮೀಟರಿನ ಹರಳುಗಳು ಉಳಿಯುತ್ತವೆ. 50 ಮೈಕ್ರೋಮೀಟರಿನ ಒಂದು ಘನವನ್ನು 50 ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದರೆ ಸಿಗುವ ತುಂಡುಗಳು ನೂರು ಕೋಟಿ, ಗಡಿಯ ಒಟ್ಟು ವಿಸ್ತೀರ್ಣ ಸಾವಿರ ಪಟ್ಟು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹಾಗೆಲ್ಲ ಬದು ಹೆಚ್ಚಿ ಬೆಳೆ ಕಡಿಮೆಯಾಗುವುದು ರೈತನಿಗೆ ಸಂಕಟ. ಇಲ್ಲಿ ನಮಗೆ ಬೇಕಾದದ್ದೇ ಬದು. ಹರಳಿನೊಳಗೆ ಉಳಿದ ಸಾಲು ತಪ್ಪಿದ ಎಡೆಗಳು ಕೂಡ ಪರಮಾಣುಗಳಿಗೆ ಕಾಲುದಾರಿಯಾಗಬಲ್ಲವು.

ಬಡಿದ ಲೋಹ ತಾನೇ ಗಟ್ಟಿಯಾಗುತ್ತದೆ ಎಂಬುದು ಇನ್ನೊಂದು ಅನುಕೂಲ. ತಂತಿಯನ್ನು ಅತ್ತಿತ್ತ ಬಗ್ಗಿಸಿದರೆ ಬಗ್ಗಿದ ಜಾಗ ಬಿರುಸಾಗುವುದು ಎಲ್ಲರಿಗೂ ಗೊತ್ತು. ಹೀಗೆ ಬಿರುಸಾದ ಲೋಹ ತೆಳ್ಳನೆಯ ನೈಟ್ರೈಡ್ ಪದರಕ್ಕೆ ಕೆಳಗಿನಿಂದ ಆನಿಕೆ ಕೊಡುತ್ತದೆ. ಮೆತ್ತೆಯ ಮೇಲೆ ಗಾಜು ಇಡುವುದಕ್ಕೂ ಹಲಗೆಯ ಮೇಲೆ ಇಡುವುದಕ್ಕೂ ಇರುವ ವ್ಯತ್ಯಾಸ.

ಹೊಡೆಯುವ ಬಗೆ

ಎಲ್ಲಕ್ಕಿಂತ ಹಳೆಯದೂ ಸುಲಭವೂ ಆದದ್ದು ಶಾಟ್ ಪೀನಿಂಗ್. ಸಾಸಿವೆ, ರಾಗಿ ಗಾತ್ರದ ಗುಂಡುಗಳನ್ನು ಗಾಳಿಯ ಒತ್ತಡದಿಂದಲೋ ತಿರುಗುವ ಚಕ್ರದಿಂದಲೋ ಲೋಹದ ಮೇಲೆ ಆಲಿಕಲ್ಲಿನಂತೆ ಸುರಿಸುತ್ತಾರೆ. ಸ್ಪ್ರಿಂಗು, ಗೇರುಗಳಿಗೆ ಬಿರುಕು ಬಾರದಿರಲೆಂದು ದಶಕಗಳಿಂದ ಇದನ್ನು ಮಾಡುತ್ತ ಬಂದಿದ್ದಾರೆ. ಏಟಿನ ಬಲ ಅಳೆಯಲು ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿದ್ದ ಜಾನ್ ಆಲ್ಮೆನ್ ಕಂಡುಹಿಡಿದ ಉಪಾಯ ಇಂದಿಗೂ ಚಾಲ್ತಿಯಲ್ಲಿದೆ: ಚಪ್ಪಟೆ ಉಕ್ಕಿನ ಪಟ್ಟಿಯೊಂದರ ಒಂದೇ ಬದಿಗೆ ಗುಂಡು ಸುರಿಸಿ, ಬಿಚ್ಚಿದಾಗ ಅದು ಎಷ್ಟು ಬಾಗುತ್ತದೆ ಎಂದು ನೋಡುವುದು. ಬೆಂಗಳೂರಿನ ಪೀಣ್ಯದಂಥ ಕಡೆಗಳಲ್ಲಿ ಶಾಟ್ ಪೀನಿಂಗ್, ನೈಟ್ರೈಡಿಂಗ್ ಎರಡೂ ಜಾಬ್ ವರ್ಕ್ ಆಗಿ ನಡೆಯುತ್ತವೆ.

ಹರಳನ್ನು ನ್ಯಾನೊ ಗಾತ್ರಕ್ಕೆ ಒಡೆಯಬೇಕಾದರೆ ಇನ್ನೂ ತೀವ್ರವಾದ ಪೆಟ್ಟು ಬೇಕು. ಡಬ್ಬಿಯೊಂದರಲ್ಲಿ ಕೆಲವು ಮಿಲಿಮೀಟರ್ ಅಗಲದ ನುಣುಪು ಗುಂಡುಗಳನ್ನು ಹಾಕಿ, ಡಬ್ಬಿಯನ್ನು ಅತಿವೇಗದಲ್ಲಿ ಕಂಪಿಸಿ, ಗುಂಡುಗಳು ಮುಚ್ಚಳದಂತೆ ಕೂರಿಸಿದ ಲೋಹಕ್ಕೆ ಎಲ್ಲ ಕೋನಗಳಿಂದ ಬಡಿಯುವಂತೆ ಮಾಡುವ ವಿಧಾನವೊಂದಿದೆ. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಅದನ್ನು ಸ್ಮ್ಯಾಟ್ ಎನ್ನುತ್ತಾರೆ. ಅಕ್ಕಸಾಲಿಗ ಆಭರಣಕ್ಕೆ ಒಪ್ಪ ಹಾಕುವಂತೆ ಗಟ್ಟಿ ಉರುಳೆಯನ್ನು ಒತ್ತಿ ಉರುಳಿಸುವ ಬರ್ನಿಶಿಂಗ್, ಲೇಸರ್ ಮಿಂಚಿನ ಆಘಾತ ಇವೂ ಇವೆ.

ಚೀನಾದ ಶೆನ್ಯಾಂಗ್‌ನ ಲೋಹ ಸಂಶೋಧನಾ ಸಂಸ್ಥೆಯ ಲು ಕ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಈ ಕ್ಷೇತ್ರದವರನ್ನೆಲ್ಲ ತಿರುಗಿ ನೋಡುವಂತೆ ಮಾಡಿತು. ಅವರು ತೆಗೆದುಕೊಂಡದ್ದು ಸ್ಟೇನ್‌ಲೆಸ್ ಸ್ಟೀಲನ್ನಲ್ಲ, ಶುದ್ಧ ಕಬ್ಬಿಣವನ್ನು. ಸ್ಮ್ಯಾಟ್ ಏಟು ತಿಂದ ಕಬ್ಬಿಣದ ತಗಡನ್ನು ಅಮೋನಿಯದಲ್ಲಿ ಬರೀ 300 ಡಿಗ್ರಿಯಲ್ಲಿ 9 ಗಂಟೆ ಇಟ್ಟರು. 500 ಡಿಗ್ರಿ ದಾಟದೆ ಆಗದು ಎಂದುಕೊಂಡಿದ್ದ ನೈಟ್ರೈಡ್ ಪದರ ಅಲ್ಲಿಯೇ ಬೆಳೆದಿತ್ತು. ಆಮೇಲೆ 304, 316 ಸ್ಟೀಲುಗಳ ಮೇಲೂ ಪ್ರಯೋಗಗಳು ನಡೆದವು. ಏಟು ತಿಂದ ಮೈಯಲ್ಲಿ ಪದರ ಹೆಚ್ಚು ದಪ್ಪವಾಗಿ ಬೆಳೆದದ್ದನ್ನು ಹಲವರು ಕಂಡರು. ಆದರೆ ಸ್ಟೀಲಿನ ವಿಷಯ ಕಬ್ಬಿಣದಷ್ಟು ಸರಳವಾಗಿರಲಿಲ್ಲ.

ಸಿಂಕಿನ ಮೂಲೆಗೆ ಅಯಸ್ಕಾಂತ ಹಿಡಿದು ನೋಡಿ

ಅಡುಗೆಮನೆಯ ಸಿಂಕು 304 ಸ್ಟೀಲಿನದಾಗಿದ್ದರೆ ಅದರ ಚಪ್ಪಟೆ ಭಾಗಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ. ಮಡಚಿದ ಮೂಲೆಗೆ ಹಿಡಿದು ನೋಡಿ, ಮೆಲ್ಲಗೆ ಎಳೆಯುವುದು ಗೊತ್ತಾಗಬಹುದು. 304ರ ಪರಮಾಣುಗಳ ಜೋಡಣೆ ಆಸ್ಟೆನೈಟ್ ಎಂಬ ಬಗೆಯದು, ಅಯಸ್ಕಾಂತಕ್ಕೆ ಒಲಿಯದು. ಬಗ್ಗಿಸಿದಾಗ, ಬಡಿದಾಗ ಅದರಲ್ಲಿ ಒಂದು ಪಾಲು ಮಾರ್ಟೆನ್ಸೈಟ್ ಎಂಬ ಇನ್ನೊಂದು ಜೋಡಣೆಗೆ ಹೊರಳುತ್ತದೆ. ಅದು ಅಯಸ್ಕಾಂತಕ್ಕೆ ಒಲಿಯುತ್ತದೆ. (ಪಾತ್ರೆ ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ‘ಅಸಲಿ ಸ್ಟೀಲ್’ ಪರೀಕ್ಷೆ ಮಾಡುವವರಿಗೆ ಒಂದು ಮಾತು: ನಿಕ್ಕೆಲ್ ಕಡಿಮೆಯಿದ್ದು ಮ್ಯಾಂಗನೀಸ್ ಹೆಚ್ಚಿರುವ ಅಗ್ಗದ ಸ್ಟೀಲಿಗೂ ಅಯಸ್ಕಾಂತ ಹಿಡಿಯುವುದಿಲ್ಲ, ಸರಿಯಾದ 430 ಜಾತಿಯ ಸ್ಟೀಲಿಗೆ ಚೆನ್ನಾಗಿಯೇ ಹಿಡಿಯುತ್ತದೆ. ಆ ಪರೀಕ್ಷೆಯನ್ನು ನಂಬಬೇಡಿ.)

ಮಾರ್ಟೆನ್ಸೈಟಿನೊಳಗೆ ನೈಟ್ರೋಜನ್ ಇನ್ನೂ ಬೇಗ ಸಾಗುತ್ತದೆ. ಕೇಳಲು ಒಳ್ಳೆಯದೇ. ಆದರೆ ಅಲ್ಲಿ ನೈಟ್ರೋಜನ್ ಹಿಡಿಸುವುದು ಕಡಿಮೆ, ಕ್ರೋಮಿಯಂ ನೈಟ್ರೈಡ್ ಹುಟ್ಟುವುದು ಸುಲಭ. ನಾವು ತೆರೆದ ದಾರಿಗಳಲ್ಲಿ ಕ್ರೋಮಿಯಂ ಕೂಡ ಸ್ವಲ್ಪ ಕಾಲಾಡಿಸಬಲ್ಲದು ಎಂಬುದನ್ನೂ ಮರೆಯುವಂತಿಲ್ಲ. ಹಾಗಾಗಿ ಬಡಿಯದ ಸ್ಟೀಲಿಗೆ ಸುರಕ್ಷಿತವಾಗಿದ್ದ ಉಷ್ಣತೆ ಬಡಿದ ಸ್ಟೀಲಿಗೆ ತುಸು ಹೆಚ್ಚಾಗಿಬಿಡಬಹುದು. ಪದರ ದಪ್ಪವಾಯಿತು, ತುಕ್ಕು ತಡೆಯುವ ಶಕ್ತಿ ಕುಗ್ಗಿತು ಎಂಬ ಫಲಿತಾಂಶಗಳು ಬರುವುದು ಹೀಗೆ. ನಿಕ್ಕೆಲ್ ಹೆಚ್ಚಿರುವ 316 ಅಷ್ಟು ಸುಲಭವಾಗಿ ಹೊರಳುವುದಿಲ್ಲ. ತುಕ್ಕಿನ ಭಯವಿರುವಲ್ಲಿ ಅದನ್ನು ಆರಿಸಿಕೊಳ್ಳಲು ಇದೂ ಒಂದು ಕಾರಣ.

ಕೆಡುವುದು ಎಲ್ಲಿ

ಸಾಧಾರಣ ಉಕ್ಕಿನ ಗುಂಡುಗಳನ್ನು ಸುರಿಸಿದರೆ ಅವುಗಳ ಕಣಗಳು ಸ್ಟೀಲಿನ ಮೈಗೆ ಮೆತ್ತಿಕೊಂಡು ಆಮೇಲೆ ತುಕ್ಕಿನ ಚುಕ್ಕೆಗಳಾಗಿ ಏಳುತ್ತವೆ. ಅದಕ್ಕೇ ಇಲ್ಲಿ ಸ್ಟೇನ್‌ಲೆಸ್, ಗಾಜು ಅಥವಾ ಸೆರಾಮಿಕ್ ಗುಂಡುಗಳನ್ನು ಬಳಸುತ್ತಾರೆ. ಏಟು ಅತಿಯಾದರೆ ಮೇಲ್ಮೈ ಮಡಚಿಕೊಂಡು ಸಣ್ಣ ಬಿರುಕು ಬಿಡುತ್ತದೆ. ಮೈ ತರಿಯಾಗುತ್ತದೆ, ನುಣುಪಾಗಲೆಂದು ಆಮೇಲೆ ಜೋರಾಗಿ ಉಜ್ಜಿದರೆ ಕಷ್ಟಪಟ್ಟು ಮಾಡಿದ ಪದರವೇ ಹೋಗುತ್ತದೆ.

ಆ ಕ್ರೋಮಿಯಂ ಪೊರೆಯೂ ಇದೆಯಲ್ಲ. ನೀರನ್ನು ಹೊರಗಿಡುವಂತೆ ಅದು ನೈಟ್ರೋಜನ್ನನ್ನೂ ಬಾಗಿಲಲ್ಲೇ ತಡೆಯುತ್ತದೆ. ಬಡಿದ ಮೇಲೆ ಗಾಳಿಗೆ ತೆಗೆದಿಟ್ಟರೆ ಪೊರೆ ಮತ್ತೆ ಕಟ್ಟಿರುತ್ತದೆ. ಅನಿಲದ ಕುಲುಮೆಯಲ್ಲಾದರೆ ಹೈಡ್ರೋಜನ್ ಕ್ಲೋರೈಡ್‌ನಂಥ ಅನಿಲ ಬಿಟ್ಟು ಅದನ್ನು ಕೀಳಬೇಕು. ಪ್ಲಾಸ್ಮಾ ನೈಟ್ರೈಡಿಂಗ್‌ನಲ್ಲಿ ಈ ಕೆಲಸ ಅಲ್ಲಿಯೇ ಆಗುತ್ತದೆ: ಗಾಳಿ ತೆಗೆದ ಪೆಟ್ಟಿಗೆಯಲ್ಲಿ ನೈಟ್ರೋಜನ್, ಹೈಡ್ರೋಜನ್ ಬಿಟ್ಟು ನೂರಾರು ವೋಲ್ಟ್ ಕೊಟ್ಟಾಗ ಅನಿಲ ನೇರಳೆಯಾಗಿ ಹೊಳೆದು, ಅದರ ಅಯಾನುಗಳು ಲೋಹಕ್ಕೆ ಅಪ್ಪಳಿಸಿ ಪೊರೆಯನ್ನು ಕೆದರಿ ಹಾಕುತ್ತವೆ.

ಉರಿಯ ಮಿತಿ ಇನ್ನೊಂದು. ಪುಟ್ಟ ಹರಳುಗಳು ಹೆಚ್ಚು ಬಿಸಿಯಾದರೆ ಒಂದರೊಳಗೊಂದು ಸೇರಿ ದೊಡ್ಡವಾಗುತ್ತವೆ, ಬದುಗಳೆಲ್ಲ ಅಳಿಸಿಹೋಗುತ್ತವೆ. ಅಲ್ಯುಮಿನೈಸಿಂಗ್‌ನಲ್ಲಿ ಈ ತೊಡಕು ಎದ್ದು ಕಾಣುತ್ತದೆ. ಕಾದ ಕುಲುಮೆಯ ಭಾಗಗಳು ಉರಿಗೆ ಸವೆಯದಿರಲೆಂದು ಸ್ಟೀಲನ್ನು ಅಲ್ಯೂಮಿನಿಯಂ ಪುಡಿಯಲ್ಲಿ ಹೂತು, ಕಲಾಯಿಯವರು ಬಳಸುವ ಅದೇ ನವಸಾಗರವನ್ನು ಚಿಟಿಕೆ ಸೇರಿಸಿ ಕಾಯಿಸುವ ಕೆಲಸ ಅದು. ರೂಢಿಯಂತೆ 900 ಡಿಗ್ರಿಯ ಆಸುಪಾಸಿಗೆ ಒಯ್ದರೆ ಮೊದಲು ಬಡಿದದ್ದರ ಫಲ ಬಹುಬೇಗ ಕರಗಿಹೋಗುತ್ತದೆ. ಆದ್ದರಿಂದ ಪುಡಿಯೊಳಗೇ ಗುಂಡುಗಳನ್ನೂ ಹಾಕಿ, ಕಾಯಿಸುತ್ತಲೇ ಅಲುಗಾಡಿಸಿ ಬಡಿಯುತ್ತ, ಉಷ್ಣತೆಯನ್ನು 600 ಡಿಗ್ರಿಯ ಕೆಳಕ್ಕೆ ಇಳಿಸುವ ಪ್ರಯತ್ನಗಳು ನಡೆದಿವೆ.

ಮತ್ತೆ ಆ ಬೋಲ್ಟು

ಕಡಿಮೆ ಉಷ್ಣತೆಯಲ್ಲಿ ಗಟ್ಟಿಗೊಳಿಸಿದ ಸ್ಟೀಲ್ ಈಗಾಗಲೇ ಪಂಪು, ವಾಲ್ವು, ಅನಿಲ ಕೊಳವೆಗಳ ಜೋಡಣೆಯ ಬಳೆಗಳಲ್ಲಿ ಬಳಕೆಯಲ್ಲಿದೆ. ಏಟು ಕೊಟ್ಟು ಆಮೇಲೆ ಇಳಿಸುವ ಜೋಡಿ ಚಿಕಿತ್ಸೆ ಮಾತ್ರ ಇನ್ನೂ ಬಹುಪಾಲು ಪ್ರಯೋಗಾಲಯದ್ದು. ಚಪ್ಪಟೆ ತಗಡಿಗೆ, ದುಂಡು ಸರಳಿಗೆ ಸಮನಾಗಿ ಏಟು ಕೊಡುವುದು ಸುಲಭ. ಮರೆಯ ಸಂದಿಗೆ, ಕೊಳವೆಯ ಒಳಮೈಗೆ ಕೊಡುವುದು ಕಷ್ಟ. ಕಚ್ಚಿಕೊಳ್ಳುವ ಕಾಟ ಹೆಚ್ಚಿರುವುದು ಅಂಥ ಸಂದಿಗಳಲ್ಲೇ.

ಹತ್ತಿಪ್ಪತ್ತು ರೂಪಾಯಿಯ ಬೋಲ್ಟಿಗೆ ಇಷ್ಟೆಲ್ಲ ಖರ್ಚನ್ನು ಯಾರೂ ಮಾಡುವುದಿಲ್ಲ. ಮೆಕ್ಯಾನಿಕ್ ಕಟಿಂಗ್ ಮೆಷಿನ್ನಿನಿಂದ ನಮ್ಮ ನಾಲ್ಕನೆಯದನ್ನು ಕೊಯ್ದು ತೆಗೆದ. ಹೊಸದರ ಮರೆಗೆ ಕಚ್ಚಿಕೊಳ್ಳದಂತೆ ತಡೆಯುವ ಆಂಟಿ ಸೀಜ್ ಪೇಸ್ಟ್ ಸವರಿ, ಡ್ರಿಲ್ ಮೆಷಿನ್ ಮುಟ್ಟದೆ ಕೈಯಲ್ಲೇ ನಿಧಾನವಾಗಿ ಬಿಗಿದ. ಬಿಗಿಯುವಾಗ ಬಿಸಿಯಾದರೆ ಕಚ್ಚಿಕೊಳ್ಳುತ್ತದೆ ಎಂಬುದು ಅವನಿಗೆ ಮೊದಲೇ ಗೊತ್ತಿತ್ತು.